ಸದ್ದಿಲ್ಲದ ಮೋಟಾರೂ ಮೋಟಾರೇ

"ಇದು ಸದ್ದೇ ಮಾಡಲ್ಲ ಸಾರ್, ಇದನ್ನೂ ಮೋಟಾರ್ ಅಂತಾರಾ?"

ಶನಿವಾರ ಲಿಟಲ್ ಕ್ಲಿಯರ್ ಪಾಂಡ್ ದಂಡೆಯಲ್ಲಿ, ನ್ಯೂಜೆರ್ಸಿಯಿಂದ ಬಂದಿದ್ದ ನಮ್ಮವರೊಬ್ಬರು ಬ್ಯಾಟರಿ ಮೋಟಾರು ಎತ್ತಿ ಹಿಡಿದು ಕೇಳಿದ್ದು. ಅಂತಾರೆ ಸಾರ್. ಈ ಕೊಳವಿರುವುದು ನ್ಯೂಯಾರ್ಕ್ ರಾಜ್ಯದ ಅಡಿರಾಂಡ್ಯಾಕ್ ಬೆಟ್ಟಗಳ ಸೇಂಟ್ ರೀಜಿಸ್ ಕನೂ ಪ್ರದೇಶದಲ್ಲಿ. ಕನೂ ಅಂದರೆ ಹುಟ್ಟು ಹಾಕಿ ನಡೆಸುವ ಹಗುರ ದೋಣಿ. ಸುಮಾರು 18,000 ಎಕರೆ, ಐವತ್ತಕ್ಕೂ ಹೆಚ್ಚು ಕೊಳಗಳು. ಪೆಟ್ರೋಲಾಗಲಿ ಬ್ಯಾಟರಿಯಾಗಲಿ, ಒಳಗೆ ಬಿಡುವುದಿಲ್ಲ.

ಆದರೆ ಅಲ್ಲಿನ ಮೌನ ಕಾಯುವುದು ಬೋರ್ಡಲ್ಲ, ಕಾಲುದಾರಿ. ಶಾಂತ ನೀರು ಹುಡುಕುವವರು ನಕ್ಷೆಯಲ್ಲಿ ನೀಲಿಯ ಅಗಲ ನೋಡಬಾರದು. ರಸ್ತೆಗೂ ನೀರಿಗೂ ನಡುವಿನ ಅಂತರ ನೋಡಬೇಕು. ಟ್ರೇಲರ್ ಇಳಿಸುವ ಕಾಂಕ್ರೀಟ್ ಇಳಿಜಾರು ಇದ್ದಲ್ಲಿ ಮೋಟಾರು ಬಂದೇ ಬರುತ್ತದೆ. ಲಿಟಲ್ ಕ್ಲಿಯರ್ ದಾಟಿ ಸೇಂಟ್ ರೀಜಿಸ್ ಪಾಂಡ್ ಸೇರಲು ದೋಣಿ ಹೊತ್ತು ಸುಮಾರು ಒಂದು ಕಿಲೋಮೀಟರ್ ನಡೆಯಬೇಕು. ಅಲ್ಲಿನವರು ಇದನ್ನು 'ಕ್ಯಾರಿ' ಅನ್ನುತ್ತಾರೆ. ದೋಣಿ ಒಮ್ಮೆ, ಸಾಮಾನು ಒಮ್ಮೆ ಅಂದರೆ ಒಂದಲ್ಲ, ಮೂರು ಕಿಲೋಮೀಟರ್. ಬರಿಗೈಲಿ ವಾಪಸ್ ಬರುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆವ್ಲಾರ್ ಎಂಬ ಹಗುರ, ಗಟ್ಟಿ ನಾರಿನಿಂದ ಮಾಡಿದ ಹದಿನಾರಡಿಯ ಕನೂ ಇಪ್ಪತ್ತು ಕಿಲೋ ಆಸುಪಾಸು, ಪ್ಲಾಸ್ಟಿಕ್ಕಿನದು ಮೂವತ್ತು ದಾಟುತ್ತದೆ. ಆ ಸಾರ್ ತಂದಿದ್ದ ಬ್ಯಾಟರಿಯೊಂದೇ ಇಪ್ಪತ್ತು ಕಿಲೋ ಇದ್ದೀತು!

ಹೊರುವ ಮುನ್ನ ಹುಟ್ಟುಗಳನ್ನು ಒಳಗೇ ಬಿಗಿಯಾಗಿ ಕಟ್ಟಿ. ಸಡಿಲ ಬಿಟ್ಟ ನೀರಿನ ಬಾಟಲಿಯೊಂದು ಮುಂದಕ್ಕೆ ಉರುಳಿದರೂ ಮೂತಿ ಬಾಗಿ ದಾರಿ ಮುಚ್ಚಿಹೋಗುತ್ತದೆ. ಭುಜದ ಮೇಲೆ ದೋಣಿಯ ಮೂತಿ ತುಸು ಮೇಲಿರಲಿ.

ಸೇಂಟ್ ರೀಜಿಸ್ ಪಾಂಡ್ ಅಗಲವಾದದ್ದು. ಮಧ್ಯಾಹ್ನದ ಗಾಳಿ ಏಳುವ ಮೊದಲೇ ದಾಟುವುದು ಜಾಣತನ. ಒಬ್ಬರೇ ಹಿಂದೆ ಕೂತರೆ ಮೂತಿ ಮೇಲೆದ್ದು, ಗಾಳಿ ದೋಣಿಯನ್ನು ಗಿರಕಿ ಹೊಡೆಸುತ್ತದೆ. ಚೀಲ ಮುಂದಕ್ಕೆ ತಳ್ಳಿ, ನಡುವಿನ ಹತ್ತಿರ ಮಂಡಿಯೂರಿ. ಮೇ ಮಧ್ಯದಿಂದ ಜೂನ್‌ವರೆಗೆ ಕಚ್ಚುವ ಕರಿನೊಣಗಳ ರಾಜ್ಯ. ತಲೆಗೆ ಬಲೆ ಬೇಕೇಬೇಕು. ನವೆಂಬರ್ 1ರಿಂದ ಮೇ 1ರವರೆಗೆ ಇಂಥ ಸಣ್ಣ ದೋಣಿಗಳಲ್ಲಿ ಲೈಫ್ ಜಾಕೆಟ್ ಕಡ್ಡಾಯ. ಲಿಟಲ್ ಕ್ಲಿಯರ್‌ನಲ್ಲಿ ಗಾಳ ಹಾಕುವಂತಿಲ್ಲ, ಟೆಂಟೂ ಹೂಡುವಂತಿಲ್ಲ. ಅದು ಸಾಲ್ಮನ್ ತಾಯಿಮೀನುಗಳ ಕೊಳ.

'ಸದ್ದೇ ಮಾಡಲ್ಲ' ಅನ್ನುವ ಮಾತು ಪೂರ್ತಿ ಸುಳ್ಳೇನಲ್ಲ. ಹುಟ್ಟು ಹಾಕುವ ನಾವೂ ಸದ್ದು ಮಾಡುತ್ತೇವೆ: ಅಲ್ಯೂಮಿನಿಯಂ ದೋಣಿಯ ಅಂಚಿಗೆ ಹುಟ್ಟು ತಾಗಿದರೆ ಆ ಟಣ್ ಅನ್ನುವ ಸದ್ದು ಆಚೆ ದಡಕ್ಕೂ ಕೇಳುತ್ತದೆ. ಆದರೆ ಪ್ರಶ್ನೆ ಕಿವಿಯದಷ್ಟೇ ಅಲ್ಲ. ಲೂನ್ ಹಕ್ಕಿ ಗೂಡು ಕಟ್ಟುವುದು ನೀರಿನಂಚಿನಲ್ಲೇ. ವೇಗದ ದೋಣಿ ಎಬ್ಬಿಸಿದ ಅಲೆಗೆ ಮೊಟ್ಟೆಗಳು ಕೊಚ್ಚಿಹೋಗುತ್ತವೆ. ಇವತ್ತು ಪುಟ್ಟ ಬ್ಯಾಟರಿಗೆ ಹೂಂ ಅಂದರೆ ನಾಳೆ ದೊಡ್ಡದು ಬರುತ್ತದೆ.

ಸಾರ್ ಕೊನೆಗೆ ಮೋಟಾರನ್ನು ಕಾರಿನಲ್ಲೇ ಬಿಟ್ಟರು. ಬ್ಲೂಟೂತ್ ಸ್ಪೀಕರನ್ನು ಬಿಡಲಿಲ್ಲ.