ಪ್ಯಾಟಿ ಮೀನಿನದೇ, ಅಂಟು ಯಾವುದರದು?

ರಾತ್ರಿ ಒಂಬತ್ತೂವರೆಗೆ ಮನೆಗೆ ಬಂದು, ಬ್ಯಾಗ್ ಇಳಿಸುವ ಮೊದಲೇ ಫ್ರೀಜರ್ ಬಾಗಿಲು ತೆಗೆಯುವವಳು ನಾನು. ಕಾರ್ಬ್, ಅಂದರೆ ಅನ್ನ, ಬ್ರೆಡ್, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟ್, ಕಡಿಮೆ ಮಾಡೋಣ ಅಂತ ಹೊರಟ ಮೊದಲ ತಿಂಗಳು ನಾನು ಸೋತಿದ್ದೆಲ್ಲ ಆ ಹೊತ್ತಿನಲ್ಲೇ. ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಸಲಾಡ್, ಎಲ್ಲ ಸರಿ. ರಾತ್ರಿ ಮಾತ್ರ ಕೈಗೆ ಸಿಕ್ಕಿದ ಬ್ರೆಡ್ ಹೊಟ್ಟೆಗೆ ಹೋಗುತ್ತಿತ್ತು.

ಆಗ ಹಿಡಿದಿದ್ದೇ ಫ್ರೋಜನ್ ಮೀನಿನ ಪ್ಯಾಟಿ, ಕೊಚ್ಚಿದ ಮೀನನ್ನು ಚಪ್ಪಟೆ ಬಿಲ್ಲೆಯಾಗಿ ತಟ್ಟಿದ್ದು. ಸಿಪ್ಪೆ ಇಲ್ಲ, ಮುಳ್ಳಿಲ್ಲ, ಕೈಗೆ ವಾಸನೆ ಅಂಟುವುದಿಲ್ಲ. ಮೀನಲ್ಲಿ ಕಾರ್ಬ್ ಇಲ್ಲ ಅಲ್ವಾ, ಇನ್ನೇನು ಯೋಚನೆ ಅಂತ ದಿನಾ ಎರಡೆರಡು ತಿಂದೆ. ಜೊತೆಗೆ ಮೂರು ಚಮಚ ಕೆಚಪ್. ಎರಡು ವಾರ ಹೀಗೇ ನಡೆಯಿತು.

ಒಂದು ದಿನ ಬಾಣಲೆ ಕಾಯುವವರೆಗೆ ಸುಮ್ನೆ ಡಬ್ಬಿ ತಿರುಗಿಸಿ ಓದಿದೆ. ನೂರು ಗ್ರಾಂಗೆ 18 ಗ್ರಾಂ ಕಾರ್ಬ್! ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಮೀನು, ಅದರ ಬೆನ್ನಿಗೇ ಬ್ರೆಡ್ ಪುಡಿ, ಆಮೇಲೆ ಆಲೂಗಡ್ಡೆ ಪಿಷ್ಟ. ಒಂದೊಂದು ಪ್ಯಾಟಿಯೂ ನೂರು ಗ್ರಾಂ. ಎರಡಕ್ಕೆ 36 ಆಯಿತು, ಕೆಚಪ್‌ನದು ಇನ್ನೊಂದು ಹನ್ನೆರಡು ಹದಿಮೂರು. ಅದರ ಬದಲು ಎರಡು ಸ್ಲೈಸ್ ಬ್ರೆಡ್ ತಿಂದಿದ್ದರೆ ಕಡಿಮೆ ಆಗುತ್ತಿತ್ತು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಕೊಚ್ಚಿದ ಮೀನು ಉದುರದ ಹಾಗೆ ಹಿಡಿದಿಡಲು ಏನಾದರೂ ಬೇಕು. ಪಿಷ್ಟ ಅಗ್ಗ, ನೀರನ್ನೂ ಹಿಡಿದುಕೊಳ್ಳುತ್ತದೆ, ಹಾಗಾಗಿ ಅದನ್ನು ಧಾರಾಳವಾಗಿ ಹಾಕುತ್ತಾರೆ. ಅದಿಲ್ಲದೆಯೂ ಪ್ಯಾಟಿ ನಿಲ್ಲುತ್ತದೆ. ಮೀನಿಗೆ ಉಪ್ಪು ಹಾಕಿ ಕಲಸಿದರೆ ಅದರ ಪ್ರೋಟೀನೇ ಕರಗಿ ಅಂಟಾಗುತ್ತದೆ, ಸ್ವಲ್ಪ ಮೊಟ್ಟೆಯ ಬಿಳಿ ಸೇರಿದರೆ ಇನ್ನೂ ಗಟ್ಟಿ. ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಜಾಸ್ತಿಯೋ ಅದರ ಹೆಸರು ಮೊದಲು ಬರುತ್ತದೆ. ಮೀನು, ಎಣ್ಣೆ, ಮೊಟ್ಟೆಯ ಬಿಳಿ, ಉಪ್ಪು, ಮಸಾಲೆ ಅಂತಿದ್ದರೆ ಬುಟ್ಟಿಗೆ ಹಾಕುತ್ತೇನೆ. ನೂರು ಗ್ರಾಂಗೆ ಐದು ಗ್ರಾಂ ಕಾರ್ಬ್ ದಾಟಿದರೆ ವಾಪಸ್ಸು ಇಡುತ್ತೇನೆ. ಐದು ಅನ್ನುವುದು ನಾನೇ ಹಾಕಿಕೊಂಡ ಗೆರೆ, ವೈದ್ಯರು ಹೇಳಿದ್ದಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಕಾರ್ಬ್ ಇಳಿಸುವ ಮೊದಲು ತಮ್ಮ ವೈದ್ಯರನ್ನೇ ಕೇಳಬೇಕು. ಊಟ ಬದಲಾದರೆ ಔಷಧಿಯ ಲೆಕ್ಕವೂ ಬದಲಾಗಬಹುದು.

ಇನ್ನೊಂದು ಗೊಂದಲ ನಾರಿನದು. ನಾರು ಜೀರ್ಣವಾಗಿ ಸಕ್ಕರೆಯಾಗುವುದಿಲ್ಲ, ಹಾಗಾಗಿ ಕಾರ್ಬ್ ಲೆಕ್ಕದಿಂದ ಅದನ್ನು ಕಳೆಯುತ್ತೇವೆ. ಆದರೆ ಅಮೆರಿಕದ ಲೇಬಲ್‌ನಲ್ಲಿ ಒಟ್ಟು ಕಾರ್ಬ್ ಅಂದರೆ ನಾರೂ ಸೇರಿದ ಲೆಕ್ಕ. ಯುರೋಪಿನದರಲ್ಲಿ ನಾರನ್ನು ಮೊದಲೇ ಬಿಟ್ಟಿರುತ್ತಾರೆ. ಅದು ಗೊತ್ತಿಲ್ಲದೆ ನಾನು ಯುರೋಪಿನ ಲೆಕ್ಕದಲ್ಲೂ ನಾರು ಕಳೆದು ಖುಷಿಪಟ್ಟಿದ್ದೇನೆ.

ಇನ್ನು ಬೇಯಿಸುವುದು. ಕರಗಿಸಬೇಡಿ, ಫ್ರೀಜರ್‌ನಿಂದ ನೇರ ಬಾಣಲೆಗೆ ಹಾಕಿ. ಹೆಪ್ಪುಗಟ್ಟುವಾಗ ಐಸಿನ ಹರಳುಗಳು ಮೀನಿನ ಒಳಗನ್ನು ಹರಿದಿರುತ್ತವೆ. ಹೊರಗಿಟ್ಟು ಕರಗಿಸಿದರೆ ನೀರೆಲ್ಲ ಸೋರಿ ಮುದ್ದೆಯಾಗುತ್ತದೆ. ನಾನೊಮ್ಮೆ ಹಾಗೆ ಮಾಡಿ, ಕೊನೆಗೆ ಎರಡು ಮೊಟ್ಟೆ ಒಡೆದು ಹಾಕಿ ಎಲ್ಲ ಕದಡಿ ತಿಂದೆ. ಚೆನ್ನಾಗಿಯೇ ಇತ್ತು, ಅದು ಬೇರೆ ಮಾತು. ಮೇಲಿನ ಐಸ್ ಪುಡಿಯನ್ನು ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಎಣ್ಣೆ ಮುಖಕ್ಕೇ ಸಿಡಿಯುತ್ತದೆ. ಮಧ್ಯಮ ಉರಿ, ಮೊದಲ ಮೂರು ನಿಮಿಷ ಮುಚ್ಚಳ. ಆಮೇಲೆ ಮುಚ್ಚಳ ತೆಗೆದು ಕಾಯಿರಿ. ತಳ ಕೆಂಪಾದರೆ ಪ್ಯಾಟಿ ತಾನೇ ಬಿಟ್ಟುಕೊಳ್ಳುತ್ತದೆ, ಅದಕ್ಕೆ ಮೊದಲೇ ಕೆದಕಿದರೆ ಒಡೆಯುತ್ತದೆ. ಥರ್ಮಾಮೀಟರ್ ಇದ್ದರೆ ನಡುವೆ ಚುಚ್ಚಿ ನೋಡಿ, 63 ಡಿಗ್ರಿ ಸೆಲ್ಸಿಯಸ್ ಬಂದರೆ ಬೆಂದಿದೆ.

ಬರೀ ಪ್ಯಾಟಿ ಮೂರನೇ ದಿನಕ್ಕೆ ಬೇಜಾರು ತರುತ್ತದೆ. ಸಾಸ್ ಬೇಕೇ ಬೇಕು. ಮೀನಿನ ಜೊತೆ ತಿನ್ನುವ ಮೇಯೊನೀಸಿನ ಸಾಸ್, ಬಾಟಲಿಯ ಟಾರ್ಟರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಸಕ್ಕರೆ ಇರುತ್ತದೆ, ಅದಕ್ಕೆ ನಾನೇ ಮಾಡಿಕೊಳ್ಳುತ್ತೇನೆ. ಎರಡು ಚಮಚ ಮೇಯೊನೀಸ್, ಸಣ್ಣಗೆ ಹೆಚ್ಚಿದ ಉಪ್ಪಿನ ಸೌತೆಕಾಯಿ, ಅರ್ಧ ನಿಂಬೆಹಣ್ಣು, ಕಾಳುಮೆಣಸು. ಉಪ್ಪಿನ ಸೌತೆಕಾಯಿ ಸಿಹಿ ಹಾಕಿದ್ದಲ್ಲ ಅಂತ ನೋಡಿಕೊಳ್ಳಿ. ನಿಂಬೆ ಮಾತ್ರ ಬಿಡಬೇಡಿ. ಸಮುದ್ರದ ಮೀನಿನ ಆ ವಾಸನೆಗೆ ಕಾರಣ ಟ್ರೈಮಿಥೈಲಮೀನ್ ಅನ್ನುವ ವಸ್ತು. ಹುಳಿ ಬಿದ್ದರೆ ಅದು ಗಾಳಿಗೆ ಹಾರದ ಉಪ್ಪಾಗಿ ಬದಲಾಗುತ್ತದೆ, ಮೂಗಿಗೆ ಬರುವುದಿಲ್ಲ.

ನನಗೆ ಇಷ್ಟವಾದದ್ದು ಬೆಣ್ಣೆ ಸಾಸ್. ಪ್ಯಾಟಿ ತೆಗೆದ ಬಾಣಲೆಗೇ ಬೆಳ್ಳುಳ್ಳಿ ಜಜ್ಜಿ ಹಾಕಿ, ಒಂದು ಚಮಚ ನೀರು, ನಿಂಬೆರಸ. ಉರಿ ಆರಿಸಿ. ಈಗ ಫ್ರಿಡ್ಜ್‌ನಿಂದ ತೆಗೆದ ತಣ್ಣನೆ ಬೆಣ್ಣೆಯ ತುಂಡುಗಳನ್ನು ಒಂದೊಂದಾಗಿ ಹಾಕುತ್ತಾ ಬಾಣಲೆಯನ್ನು ಗರಗರ ತಿರುಗಿಸಿ. ದಪ್ಪಗೆ, ಕೆನೆಯ ಹಾಗೆ ಬರುತ್ತದೆ. ಉರಿ ಮೇಲೆಯೇ ಬಿಟ್ಟರೆ ಒಡೆದು ಎಣ್ಣೆ ಒಂದು ಕಡೆ, ನೀರು ಒಂದು ಕಡೆ. ನನ್ನದು ಮೂರು ಸಲ ಒಡೆಯಿತು. ನಾಲ್ಕನೇ ಸಲ ಬಂದಾಗ ಬಾಣಲೆಯನ್ನೇ ಬೆರಳಿಂದ ಬಳಿದು ತಿಂದೆ.

ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದರೆ ಅದರ ಜೊತೆ ಹಾಲಿನ ಸಕ್ಕರೆಯೂ ಒಂದಷ್ಟು ಇಳಿದುಹೋಗುತ್ತದೆ. ಅದಕ್ಕೆ ಸಬ್ಬಸಿಗೆ ಸೊಪ್ಪು, ಉಪ್ಪು, ಅಷ್ಟೇ. ಬೆಣ್ಣೆಹಣ್ಣನ್ನು (ಆವಕಾಡೊ) ಅರೆದೂ ಸಾಸ್ ಮಾಡಬಹುದು. ಅದರ ಲೆಕ್ಕ ನೋಡಿ ಹೆದರಬೇಡಿ, ನೂರು ಗ್ರಾಂಗೆ ಎಂಟೂವರೆ ಗ್ರಾಂ ಕಾರ್ಬ್ ಇದ್ದರೂ ಹೆಚ್ಚುಕಡಿಮೆ ಏಳು ಗ್ರಾಂ ನಾರೇ. ಸಾಸಿವೆ ಸಾಸ್ ಒಳ್ಳೆಯದು, ಜೇನುತುಪ್ಪ ಬೆರೆಸಿದ್ದು ಬೇಡ. ಬನ್ ಬದಲಿಗೆ ಲೆಟ್ಯೂಸ್ ಎಲೆ ಸಾಕು. ಹೂಕೋಸಿನ ಬನ್ ಕೂಡ ಮಾಡಿ ನೋಡಿದ್ದೇನೆ. ಅದರ ಮಾತು ಬೇಡ.

ಮಿಕ್ಕಿದ ಪ್ಯಾಟಿಯನ್ನು ಫ್ರಿಡ್ಜ್‌ನಲ್ಲಿಟ್ಟು, ಮರುದಿನ ತಣ್ಣಗೆ ಪುಡಿಮಾಡಿ ಮೇಯೊನೀಸ್‌ನಲ್ಲಿ ಕಲಸಿ ಸೌತೆಕಾಯಿ ಹೋಳಿನ ಮೇಲೆ ಇಟ್ಟುಕೊಂಡು ತಿನ್ನುತ್ತೇನೆ. ಆಫೀಸಿನ ಮೈಕ್ರೋವೇವ್‌ನಲ್ಲಿ ಮಾತ್ರ ಬಿಸಿ ಮಾಡಬೇಡಿ. ನಾನೊಮ್ಮೆ ಮಾಡಿದೆ. ಆವತ್ತಿನಿಂದ ಊಟದ ಹೊತ್ತಿಗೆ ಕಿಟಕಿ ಪಕ್ಕದ ಸೀಟನ್ನು ಎಲ್ಲರೂ ನನಗೇ ಬಿಟ್ಟುಕೊಡುತ್ತಾರೆ.