ಕಚ್ಚಿಕೊಂಡ ಚಕ್ರ: ಮಳೆಗೆ ಮುಂಚೆ ನಾಲ್ಕನ್ನೂ ಬಿಚ್ಚಿದ ಕೆಲಸ

ಶನಿವಾರ ಸಂಜೆ, ಮರವಂತೆ

ಬೈಂದೂರಿನಿಂದ ಕುಂದಾಪುರಕ್ಕೆ ವಾಪಸ್ ಬರುತ್ತಿದ್ದೆವು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ 66. ಹಿಂದಿನ ಎಡಗಡೆ ಟೈರು ಪೂರ್ತಿ ಕೂತಿತ್ತು. ಕಾರನ್ನು ರಸ್ತೆಯಿಂದ ಚೆನ್ನಾಗಿ ಹೊರಗೆ ತಂದು ನಿಲ್ಲಿಸಿದೆ. ಅಮ್ಮನನ್ನು ಇಳಿಸಿ ದೂರ ಕೂರಿಸಿದೆವು. ಹೆಂಡತಿ ಮುಂದಿನ ಎರಡೂ ಚಕ್ರಗಳಿಗೆ ಕಲ್ಲು ಕೊಟ್ಟಳು. ಫಸ್ಟ್ ಗೇರ್, ಹ್ಯಾಂಡ್‌ಬ್ರೇಕ್. ಹಿಂದಿನ ಚಕ್ರ ಎತ್ತುವಾಗ ಬರೀ ಹ್ಯಾಂಡ್‌ಬ್ರೇಕ್ ನಂಬಬಾರದು. ಅದು ಹಿಡಿಯೋದೇ ಹಿಂದಿನ ಎರಡು ಚಕ್ರವನ್ನು, ಅದರಲ್ಲಿ ಒಂದು ಗಾಳಿಯಲ್ಲಿ ಇರುತ್ತದೆ ಅಲ್ವಾ.

ನಟ್ಟುಗಳು ಬಹಳ ಬಿಗಿ ಇದ್ದವು. ವೀಲ್ ಪಾನಾವನ್ನು ಅಡ್ಡವಾಗಿ ಕೂರಿಸಿ, ತುದಿಯನ್ನು ಕಾಲಲ್ಲಿ ಒತ್ತಿದ ಮೇಲೆ ಒಂದೊಂದೇ ಸಡಿಲವಾದವು. ಆಮೇಲೆ ಜಾಕಿ ಕೊಟ್ಟೆ. ನಾಲ್ಕೂ ನಟ್ಟು ತೆಗೆದು ಚಕ್ರ ಎಳೆದೆ. ಬರಲಿಲ್ಲ. ಅಲ್ಲಾಡಿಸಿದರೂ ಬರಲಿಲ್ಲ. ಹಬ್ಬಿಗೆ, ಅಂದರೆ ಚಕ್ರವನ್ನು ಕೂರಿಸುವ ನಡುವಿನ ಲೋಹದ ಭಾಗಕ್ಕೆ, ಬೆಸುಗೆ ಹಾಕಿದ ಹಾಗೆ ಕೂತಿತ್ತು.

ನೆಲದಲ್ಲಿ ಕೂತು ಟೈರಿಗೆ ಒದ್ದೆ. ಎರಡನೇ ಸಲ ಒದ್ದಾಗ ಇಡೀ ಕಾರು ತೂಗಿತು. ನೋಡಿದರೆ ಜಾಕಿಯ ಬುಡ ಒಂದು ಬದಿಗೆ ಮಣ್ಣಿನೊಳಗೆ ಇಳಿದಿತ್ತು. ಆ ಕ್ಷಣ ನೆನೆದರೆ ಈಗಲೂ ಮೈ ಬೆವರುತ್ತದೆ. ನನ್ನ ಕಾಲು ಎರಡೂ ಚಕ್ರದ ಪಕ್ಕದಲ್ಲೇ ಇದ್ದವು.

ಅಷ್ಟರಲ್ಲಿ ಒಂದು ಮೀನಿನ ಲಾರಿ ನಿಂತಿತು. ಡ್ರೈವರ್ ಇಳಿದು ಬಂದರು. "ಎಂಥ ಆಯ್ತ್ ಮಾರ್ರೆ?" ಅಂದವರು ಜಾಕಿ ನೋಡಿ ನನ್ನನ್ನು ಹಿಂದೆ ಸರಿಸಿದರು. "ಜಾಕಿ ಮೇಲೆ ಇರುವಾಗ ಒದಿಬೇಡಿ. ನಟ್ಟು ಹಾಕಿ ಕೆಳಗೆ ಇಳಿಸಿ. ಗಾಡಿ ಭಾರಕ್ಕೇ ಬಿಡ್ತದೆ."

ಅವರು ಹೇಳಿದ ಹಾಗೆ ಮಾಡಿದೆವು. ನಾಲ್ಕೂ ನಟ್ಟನ್ನು ವಾಪಸ್ ಹಾಕಿ, ಕೈಯಲ್ಲೇ ಬಿಗಿ ಮಾಡಿ, ಪ್ರತಿಯೊಂದನ್ನೂ ಒಂದು ಸುತ್ತು ಮಾತ್ರ ಹಿಂದಕ್ಕೆ ಬಿಟ್ಟೆವು. ಜಾಕಿ ಇಳಿಸಿದೆವು. ಚಕ್ರಕ್ಕೆ ಕೊಟ್ಟ ಕಲ್ಲು ತೆಗೆದೆವು. ನಾನು ಕಾರನ್ನು ಅರ್ಧ ಮೀಟರ್ ಮುಂದೆ ಬಿಟ್ಟು ಬ್ರೇಕ್ ಒತ್ತಿದೆ. ಹಿಂದೆ ಬಿಟ್ಟು ಮತ್ತೆ ಒತ್ತಿದೆ. ಮೂರನೇ ಸಲಕ್ಕೆ "ಟಕ್" ಅಂತ ಶಬ್ದ ಬಂತು. ಡ್ರೈವರ್ ಹೊರಗಿನಿಂದ ಕೈ ಎತ್ತಿದರು. ಜಾಕಿಯ ಅಡಿಗೆ ಅವರ ಲಾರಿಯ ಹಲಗೆ ತುಂಡು ಇಟ್ಟು ಮತ್ತೆ ಎತ್ತಿದಾಗ ಚಕ್ರ ಕೈಗೇ ಬಂತು.

ಇದು ಯಾಕೆ ಕೆಲಸ ಮಾಡುತ್ತದೆ ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಬ್ರೇಕ್ ಒತ್ತಿದಾಗ ಹಬ್ ನಿಲ್ಲುತ್ತದೆ. ಚಕ್ರ ಇನ್ನೂ ಉರುಳಲು ನೋಡುತ್ತದೆ. ಮೇಲಿಂದ ಕಾರಿನ ಭಾರ ಬೇರೆ. ನಡುವೆ ಕೂತ ತುಕ್ಕು ಈ ತಿರುಚಿಗೆ ಬಿರುಕು ಬಿಡುತ್ತದೆ. ಆದರೆ ನಟ್ಟು ಒಂದು ಸುತ್ತಿಗಿಂತ ಜಾಸ್ತಿ ಸಡಿಲ ಇರಬಾರದು. ಒಂದು ಮೀಟರಿಗಿಂತ ಹೆಚ್ಚು ಹೋಗಬಾರದು. ಹಾಗೆ ಮಾಡಿದರೆ ಬೋಲ್ಟಿನ ಮರೆಯೂ (ಥ್ರೆಡ್) ಚಕ್ರದ ತೂತೂ ಹಾಳಾಗುತ್ತವೆ. ಶಬ್ದ ಬಂದ ಕೂಡಲೇ ನಿಲ್ಲಿಸಬೇಕು.

ಸ್ಟೆಪ್ನಿಯ ಗಾಳಿ ಅರ್ಧಕ್ಕಿಂತ ಕಡಿಮೆ ಇತ್ತು. ನಿಧಾನಕ್ಕೆ ಮನೆ ಸೇರಿದೆವು.

ಭಾನುವಾರ

ಪಂಚರ್ ಅಂಗಡಿಯಲ್ಲಿ ಒಂದು ಮೊಳೆ ಸಿಕ್ಕಿತು. ಅದು ಹತ್ತು ನಿಮಿಷದ ಕೆಲಸ. ನನಗೆ ಬೇಕಾಗಿದ್ದು ಚಕ್ರದ ಒಳಮುಖ ನೋಡೋದು.

ಹಬ್ಬಿನ ನಡುವೆ ಉಬ್ಬಿದ ಒಂದು ಬಳೆ ಇರುತ್ತದೆ. ಚಕ್ರದ ನಡುವಿನ ತೂತು ಅದರ ಮೇಲೆ ಬಿಗಿಯಾಗಿ ಕೂರುತ್ತದೆ. ಚಕ್ರ ಸರಿಯಾಗಿ ನಡುವಿಗೆ ಬರಬೇಕಾದರೆ ಆ ಸಂದು ಬಹಳ ಸಣ್ಣದಿರಬೇಕು. ಅದೇ ಸಂದಿಗೆ ನೀರು ಹೋಗಿ ಕೂರುತ್ತದೆ. ಕಬ್ಬಿಣಕ್ಕಿಂತ ತುಕ್ಕಿಗೆ ಜಾಗ ಜಾಸ್ತಿ ಬೇಕು. ಹಾಗಾಗಿ ತುಕ್ಕು ಬೆಳೆದಷ್ಟೂ ಸಂದು ತುಂಬಿ, ಬೆಣೆ ಹೊಡೆದ ಹಾಗೆ ಚಕ್ರವನ್ನು ಹಿಡಿದುಬಿಡುತ್ತದೆ. ನಮ್ಮ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರ ಮೇಲೆ ಕಡಲಿನ ಉಪ್ಪುಗಾಳಿ. ನನ್ನ ಕಾರಿಗೆ ಹನ್ನೊಂದು ವರ್ಷ. ಕೊನೆಯ ಎರಡು ಮಳೆಗಾಲದಲ್ಲಿ ಈ ಚಕ್ರ ಒಂದು ಸಲವೂ ಹೊರಗೆ ಬಂದಿರಲಿಲ್ಲ. ಓಡಾಟ ಕಡಿಮೆ, ಟೈರು ಸವೆದಿರಲಿಲ್ಲ, ಹಾಗಾಗಿ ಬಿಚ್ಚುವ ಪ್ರಸಂಗವೇ ಬರಲಿಲ್ಲ.

ಅಣ್ಣನ ಕಾರಿಗೆ ಅಲಾಯ್ ಚಕ್ರ. ಅದನ್ನೂ ನೋಡಿದೆ. ಅಲ್ಲಿ ಕೆಂಪು ತುಕ್ಕಿನ ಜೊತೆ ಬಿಳಿ ಪುಡಿಯೂ ಇತ್ತು. ಅಲ್ಯೂಮಿನಿಯಂ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿಕೊಂಡು, ನಡುವೆ ಉಪ್ಪುನೀರು ಬಂದರೆ ಬ್ಯಾಟರಿಯ ಹಾಗೆ ಕೆಲಸ ಶುರುವಾಗುತ್ತದೆ. ಅದರಲ್ಲಿ ಕರಗುವುದು ಅಲ್ಯೂಮಿನಿಯಂ. ಅಲಾಯ್ ಆದರೆ ತುಕ್ಕಿನ ಭಯ ಇಲ್ಲ ಅಂತ ಎಷ್ಟೋ ಜನ ನಂಬಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಅವತ್ತೇ ತೀರ್ಮಾನ ಮಾಡಿದೆ. ಮಳೆ ಹಿಡಿಯುವ ಮೊದಲು ಉಳಿದ ಮೂರೂ ಚಕ್ರವನ್ನು ಮನೆ ಅಂಗಳದಲ್ಲೇ ಬಿಚ್ಚಬೇಕು. ಹಗಲು ಹೊತ್ತು, ಗಟ್ಟಿ ನೆಲ, ಪಕ್ಕದಲ್ಲಿ ಜನ. ಅಮ್ಮನನ್ನು ಕತ್ತಲಲ್ಲಿ ರಸ್ತೆ ಬದಿ ಕೂರಿಸಿ ಕಲಿಯುವ ವಿದ್ಯೆ ಇದಲ್ಲ.

ಮುಂದಿನ ಶನಿವಾರ

ಎರಡು ಆಕ್ಸಲ್ ಸ್ಟ್ಯಾಂಡ್ ತಂದೆ, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಕಬ್ಬಿಣದ ಕಾಲುಗಳು. ಈ ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ಕಾರಿನ ಜೊತೆ ಬರುವ ಜಾಕಿ ಎತ್ತಲು ಮಾತ್ರ, ಹೊರಲು ಅಲ್ಲ. ಸ್ಟ್ಯಾಂಡ್ ಇಲ್ಲದ ಕಡೆ, ತೆಗೆದ ಚಕ್ರವನ್ನೋ ಸ್ಟೆಪ್ನಿಯನ್ನೋ ಕಾರಿನ ಬದಿಯ ಅಡಿಗೆ ಮಲಗಿಸಿ ಇಟ್ಟರೆ ಜಾಕಿ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ.

ಮುಂದಿನ ಬಲಗಡೆಯದು ಎಳೆದ ಕೂಡಲೇ ಬಂತು. ಮುಂದಿನ ಎಡಗಡೆಯದು ಹಠ ಮಾಡಿತು. ಇದಕ್ಕೆ ಹಲಸಿನ ಮರದ ತುಂಡು ಮತ್ತು ದೊಡ್ಡ ಸುತ್ತಿಗೆ. ಎರಡು ನಟ್ಟನ್ನು ಬೋಲ್ಟಿನಲ್ಲಿ ನಾಲ್ಕೈದು ಸುತ್ತು ಹಿಡಿದಿರುವ ಹಾಗೇ ಬಿಟ್ಟಿದ್ದೆ, ಚಕ್ರ ಹಾರಿ ಬಂದು ಕಾಲಿಗೆ ಬೀಳದಿರಲಿ ಅಂತ. ಕಾರು ಸ್ಟ್ಯಾಂಡ್ ಮೇಲೆ ಗಟ್ಟಿಯಾಗಿ ಕೂತಿದೆ ಅಂತ ಅಲ್ಲಾಡಿಸಿ ನೋಡಿದೆ. ಮೈಯನ್ನು ಹೊರಗೇ ಇಟ್ಟುಕೊಂಡು, ಒಳಬದಿಯಿಂದ ಟೈರಿನ ಮೇಲೆ ಮರ ಇಟ್ಟು ಹೊಡೆದೆ. ಕಾಲು ಸುತ್ತು ತಿರುಗಿಸಿ ಮತ್ತೆ ಹೊಡೆದೆ. ಐದಾರು ಏಟಿಗೆ ಬಿಟ್ಟಿತು. ರಿಮ್ಮಿನ ಅಂಚಿಗೆ ಹೊಡೆಯಬೇಡಿ, ಅದು ಬಾಗಿದರೆ ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ನಿಲ್ಲುವುದಿಲ್ಲ.

ಹಿಂದಿನ ಬಲಗಡೆಯದು ಎಲ್ಲಕ್ಕಿಂತ ಗಟ್ಟಿ. ಮರ, ಸುತ್ತಿಗೆ ಯಾವುದಕ್ಕೂ ಜಗ್ಗಲಿಲ್ಲ. ನಡುವಿನ ಮುಚ್ಚಳ ತೆಗೆದು, ಹಬ್ ಮತ್ತು ಚಕ್ರ ಸೇರುವ ಗೆರೆಗೆ ಮಾತ್ರ ತುಕ್ಕು ಬಿಡಿಸುವ ಸ್ಪ್ರೇ ಬಿಟ್ಟೆ. ಸ್ವಲ್ಪವೇ ಬಿಟ್ಟೆ. ಬ್ರೇಕಿಗೆ ಎಣ್ಣೆ ಹೋದರೆ ಇನ್ನೊಂದು ಅಪಾಯ. ರಾತ್ರಿಯಿಡೀ ಹಾಗೇ ಬಿಟ್ಟೆ.

ಪಕ್ಕದ ಮನೆಯವರು ಗ್ಯಾಸ್ ಟಾರ್ಚಿನಲ್ಲಿ ಬಿಸಿ ಮಾಡೋಣ ಅಂದರು. ಬೇಡ ಅಂದೆ. ಟೈರು ಇರುವ ಚಕ್ರವನ್ನು ಹಾಗೆ ಕಾಯಿಸಬಾರದು. ಒಳಗಿನ ರಬ್ಬರು ಬೆಂದು ಟೈರು ಸಿಡಿಯಬಹುದು, ಅದು ಜೀವ ತೆಗೆಯುವ ಸಿಡಿತ.

ಭಾನುವಾರ ಬೆಳಿಗ್ಗೆ

ಲಾರಿ ಡ್ರೈವರ್ ಕಲಿಸಿದ ವಿದ್ಯೆಗೇ ಬಂದೆ. ನಟ್ಟು ಒಂದು ಸುತ್ತು ಸಡಿಲ, ಕಾರು ನೆಲಕ್ಕೆ, ಅಂಗಳದಲ್ಲಿ ಅರ್ಧ ಮೀಟರ್ ಮುಂದೆ ಹಿಂದೆ. ಎರಡನೇ ಸಲಕ್ಕೇ ಟಕ್. ಆ ಶಬ್ದ ಕೇಳಿದಾಗ ಆದ ಖುಷಿ ಹೇಳಿ ಮುಗಿಯುವುದಿಲ್ಲ.

ಆಮೇಲಿನದು ಉಜ್ಜುವ ಕೆಲಸ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ತಂತಿ ಬ್ರಷ್ಷಿನಿಂದ ಹಬ್ಬಿನ ಬಳೆ ಮತ್ತು ಚಕ್ರ ಕೂರುವ ಮುಖ ಉಜ್ಜಿದೆ. ಚಕ್ರದ ತೂತಿನ ಒಳಗೆ ಉಪ್ಪುಕಾಗದ. ಲೋಹ ಹೊಳೆಯುವವರೆಗೆ ಬೇಕಿಲ್ಲ, ಬಿಡಿ ತುಕ್ಕಿನ ಪದರ ಉದುರಿ ಮುಖ ಸಮನಾದರೆ ಸಾಕು. ಒಣಬಟ್ಟೆಯಲ್ಲಿ ಒರೆಸಿ, ಹಬ್ಬಿನ ಬಳೆಗೆ ಮಾತ್ರ ಲೋಹ ಕಚ್ಚಿಕೊಳ್ಳದ ಹಾಗೆ ತಡೆಯುವ ಆ್ಯಂಟಿ ಸೀಜ್ ಪೇಸ್ಟನ್ನು ಬೆರಳಲ್ಲಿ ತೆಳ್ಳಗೆ ಸವರಿದೆ. ಬೋಲ್ಟಿಗೆ ಹಚ್ಚಲಿಲ್ಲ. ಬೋಲ್ಟಿನ ಮರೆ ಜಾರುವ ಹಾಗಿದ್ದರೆ ಅದೇ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ನಟ್ಟು ಬೇಕಾದ್ದಕ್ಕಿಂತ ಜಾಸ್ತಿ ಬಿಗಿಯುತ್ತದೆ, ಬೋಲ್ಟು ಎಳೆದುಹೋಗುತ್ತದೆ.

ಬಿಗಿ ಮಾಡಲು ಅಣ್ಣನ ಟಾರ್ಕ್ ವ್ರೆಂಚ್ ತಂದಿದ್ದೆ, ಇಟ್ಟಷ್ಟು ಬಿಗಿ ಬಂದ ಕೂಡಲೇ ಕ್ಲಿಕ್ ಅನ್ನುವ ಪಾನಾ. ನನ್ನ ಕಾರಿನ ಪುಸ್ತಕದಲ್ಲಿ ಇರುವುದು 85 ನ್ಯೂಟನ್ ಮೀಟರ್. 30 ಸೆಂಟಿಮೀಟರ್ ಉದ್ದದ ಪಾನಾ ಆದರೆ ತುದಿಯಲ್ಲಿ ಸುಮಾರು 29 ಕೆಜಿ ಒತ್ತಿದಷ್ಟು. ಅಂದರೆ ಪಾನಾ ಮೇಲೆ ಹತ್ತಿ ಕುಣಿಯುವ ಅಗತ್ಯವೇ ಇಲ್ಲ. ಮೊದಲು ಕೈಯಲ್ಲಿ, ಎದುರುಬದುರು ನಟ್ಟು ಹಿಡಿದು, ಚಕ್ರ ನೆಲಕ್ಕೆ ತಾಗಿದ ಮೇಲೆ ಪೂರ್ತಿ ಬಿಗಿ. ನಟ್ಟಿನ ಇಳಿಜಾರು ಮುಖ ಚಕ್ರದ ಕಡೆಗೇ ಇರಬೇಕು.

ಮರವಂತೆಯಲ್ಲಿ ಬಿಚ್ಚಿದ ಎಡಗಡೆಯದನ್ನೂ ಇನ್ನೊಮ್ಮೆ ತೆಗೆದು ಹೀಗೇ ಮಾಡಿದೆ. ಸ್ಟೆಪ್ನಿಗೆ ಗಾಳಿ ತುಂಬಿಸಿದೆ. ಡಿಕ್ಕಿಗೆ ಎರಡು ಸಾಮಾನು ಸೇರಿತು: ಜಾಕಿ ಅಡಿಗೆ ಇಡಲು ಒಂದು ಚೌಕ ಹಲಗೆ, ಪಾನಾಗೆ ತೊಡಿಸಲು ಎರಡು ಅಡಿ ಕಬ್ಬಿಣದ ಪೈಪು. ಪೈಪು ಬಿಚ್ಚುವುದಕ್ಕೆ ಮಾತ್ರ.

ಗುರುವಾರ

ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಹದಿನಾರೂ ನಟ್ಟನ್ನು ಮತ್ತೆ ನೋಡಿದೆ. ತುಕ್ಕು ಉಜ್ಜಿದ ಮುಖ ಕೂರುವಾಗ ನಟ್ಟು ಸ್ವಲ್ಪ ಸಡಿಲ ಆಗುವುದುಂಟು. ಹಿಂದಿನ ಬಲಗಡೆಯ ಒಂದು, ಕ್ಲಿಕ್ ಅನ್ನುವ ಮೊದಲು ಸ್ವಲ್ಪ ತಿರುಗಿತು. ಉಳಿದ ಹದಿನೈದು ಅಲುಗಲಿಲ್ಲ. ಈ ಭಾನುವಾರ ಅಣ್ಣನ ಕಾರು.