ಅಮೆರಿಕದ ಓಟಿನಲ್ಲಿ ಬಣ್ಣದ ಮಾತು ಇನ್ನೂ ಯಾಕೆ?

ದಾವಣಗೆರೆಯಲ್ಲಿರುವ ನನ್ನ ಚಿಕ್ಕಪ್ಪ ಅಮೆರಿಕದ ಚುನಾವಣೆ ಹತ್ತಿರವಾದಾಗಲೆಲ್ಲ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಾರೆ: “ಅಲ್ಲಮ್ಮಾ, ಗುಲಾಮಗಿರಿ ಹೋಗಿ ನೂರೈವತ್ತು ವರ್ಷ ದಾಟಿತು, ಒಬಾಮ ಎರಡು ಸಲ ಅಧ್ಯಕ್ಷನೂ ಆದ. ಇನ್ನೂ ಯಾಕೆ ನಿಮ್ಮಲ್ಲಿ ಓಟು ಅಂದ್ರೆ ಕರಿಯರು, ಬಿಳಿಯರು ಅನ್ನೋ ಮಾತೇ ನಡೀತದೆ?” ಇಲ್ಲಿ ಅಟ್ಲಾಂಟಾದ ನಮ್ಮ ಕನ್ನಡ ಕೂಟದಲ್ಲಿ ಹೊಸದಾಗಿ ಕೆಲಸಕ್ಕೆ ಬಂದ ಹುಡುಗ ಹುಡುಗಿಯರೂ ಇದನ್ನೇ ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾರೆ. ಊಟದ ಸಾಲಿನಲ್ಲಿ ನಿಂತು ಎರಡು ಮಾತಿನಲ್ಲಿ ಮುಗಿಸಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಪ್ರಶ್ನೆ ನನ್ನನ್ನು ಮೊದಲು ತಟ್ಟಿದ್ದು ಪೌರತ್ವದ ಪರೀಕ್ಷೆಗೆ ಓದುವಾಗ. ನನಗೆ ಕೊಟ್ಟಿದ್ದ ನೂರು ಪ್ರಶ್ನೆಗಳ ಪಟ್ಟಿಯಲ್ಲಿ ಅಧಿಕಾರಿ ಹತ್ತನ್ನು ಕೇಳುತ್ತಿದ್ದರು, ಆರಕ್ಕೆ ಸರಿಯುತ್ತರ ಕೊಟ್ಟರೆ ಸಾಕಿತ್ತು. ನಲವತ್ತೆಂಟನೆಯ ಪ್ರಶ್ನೆ ಹೀಗಿತ್ತು: ಯಾರು ಮತ ಹಾಕಬಹುದೆಂಬುದರ ಬಗ್ಗೆ ಸಂವಿಧಾನಕ್ಕೆ ನಾಲ್ಕು ತಿದ್ದುಪಡಿಗಳಿವೆ, ಅವುಗಳಲ್ಲಿ ಒಂದನ್ನು ವಿವರಿಸಿ. ಮತ ಹಾಕಲು ತಲೆಗಂದಾಯ ಕಟ್ಟಬೇಕಾಗಿಲ್ಲ ಎಂಬುದೂ ಒಪ್ಪಿತವಾದ ಉತ್ತರವಾಗಿತ್ತು, ಚಿಕ್ಕದಾಗಿದೆಯೆಂದು ಅದನ್ನೇ ಬಾಯಿಪಾಠ ಮಾಡಿಕೊಂಡೆ. ಮತ ಹಾಕುವುದಕ್ಕೆ ಕಂದಾಯವನ್ನು ಯಾರು ಕೇಳಿದ್ದರು, ಯಾಕೆ ಕೇಳಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ಅದರ ಬೆನ್ನು ಹತ್ತಿ ಓದುತ್ತಾ ಹೋದಾಗ ಚಿಕ್ಕಪ್ಪನಿಗೆ ಕೊಡಬೇಕಾದ ಉತ್ತರ ಸಿಕ್ಕಿತು. ಈ ದೇಶದಲ್ಲಿ ಅನ್ಯಾಯವನ್ನು ಚುನಾವಣೆಯ ನಿಯಮಗಳೊಳಗೆ ಬರೆದಿಟ್ಟರು, ಬರೆದವರು ತೀರಿಹೋದ ಮೇಲೂ ಆ ನಿಯಮಗಳು ತಮ್ಮ ಕೆಲಸ ಮಾಡುತ್ತಲೇ ಇದ್ದವು, ಕೆಲವು ಇಂದಿಗೂ ಮಾಡುತ್ತಿವೆ.

ಗುಲಾಮಗಿರಿಯ ವಿಷಯಕ್ಕೆ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧ ಮುಗಿದ 1865ರಲ್ಲಿ ಗುಲಾಮಗಿರಿ ರದ್ದಾಯಿತು, 1868ರಲ್ಲಿ ಪೌರತ್ವ ಬಂತು, 1870ರಲ್ಲಿ ಬಣ್ಣದ ಕಾರಣಕ್ಕೆ ಗಂಡಸರ ಮತದ ಹಕ್ಕನ್ನು ತಡೆಯಬಾರದೆಂಬ ಹದಿನೈದನೆಯ ತಿದ್ದುಪಡಿ ಬಂತು. ಅದೇ ವರ್ಷ ಮಿಸಿಸಿಪ್ಪಿಯಿಂದ ಹೈರಮ್ ರೆವೆಲ್ಸ್ ಎಂಬ ಕಪ್ಪು ಜನಾಂಗದ ವ್ಯಕ್ತಿ ಸೆನೆಟರ್, ಅಂದರೆ ಅಮೆರಿಕದ ಸಂಸತ್ತಿನ ಮೇಲ್ಮನೆಯ ಸದಸ್ಯರು, ಆದರು, 1875ರಲ್ಲಿ ಅದೇ ರಾಜ್ಯದಿಂದ ಬ್ಲಾಂಚ್ ಬ್ರೂಸ್ ಬಂದರು, ಅವರಂತೂ ಸ್ವತಃ ಗುಲಾಮರಾಗಿ ಹುಟ್ಟಿದವರು. ಇತಿಹಾಸ ಸದಾ ಮೇಲಕ್ಕೇ ಏರುತ್ತದೆ ಎಂದು ನಂಬಿದ್ದ ನನಗೆ ಮುಂದಿನದನ್ನು ಓದಿ ದಿಗಿಲಾಯಿತು. 1876ರ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶ ತಕರಾರಿನಲ್ಲಿ ಸಿಲುಕಿ, ರಾಜಿಯ ಮೂಲಕ ಇತ್ಯರ್ಥವಾಗಿ, 1877ರಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಕಾವಲಿಗಿದ್ದ ಒಕ್ಕೂಟದ, ಅಂದರೆ ಕೇಂದ್ರ ಸರ್ಕಾರದ, ಸೈನ್ಯ ಹಿಂದೆ ಸರಿಯಿತು. ಬ್ರೂಸ್ ಅವರ ಅವಧಿ 1881ಕ್ಕೆ ಮುಗಿದ ಮೇಲೆ, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟದಿಂದ ಬೇರೆಯಾಗಿದ್ದ ಆ ದಕ್ಷಿಣದ ರಾಜ್ಯಗಳಿಂದ ಮತ್ತೊಬ್ಬ ಕಪ್ಪು ಸೆನೆಟರ್ ಬರಲು 2013ರವರೆಗೆ, ಅಂದರೆ 132 ವರ್ಷ ಕಾಯಬೇಕಾಯಿತು.

ಈ ಬಾಗಿಲನ್ನು ಮುಚ್ಚಿದ ಬಗೆಯನ್ನು ಸ್ವಲ್ಪ ನಿಂತು ನೋಡಬೇಕು. ಹದಿನೈದನೆಯ ತಿದ್ದುಪಡಿ ಜಾರಿಯಲ್ಲಿದ್ದುದರಿಂದ ಕಪ್ಪು ಜನರಿಗೆ ಮತವಿಲ್ಲ ಎಂದು ಬರೆಯುವಂತಿರಲಿಲ್ಲ. ಆದ್ದರಿಂದ ಮಿಸಿಸಿಪ್ಪಿ 1890ರ ತನ್ನ ಸಂವಿಧಾನದಲ್ಲಿ ಬಣ್ಣದ ಮಾತನ್ನೇ ಎತ್ತದೆ ವರ್ಷಕ್ಕೆ ಎರಡು ಡಾಲರ್ ತಲೆಗಂದಾಯ ಹಾಕಿತು, ಸಂವಿಧಾನದ ಯಾವುದಾದರೂ ಭಾಗವನ್ನು ಓದಬೇಕು, ಇಲ್ಲವೇ ಓದಿ ಹೇಳಿದ್ದನ್ನು ವಿವರಿಸಬೇಕು ಎಂದಿತು, ವಿವರಣೆ ಸರಿಯೋ ತಪ್ಪೋ ಎಂಬ ತೀರ್ಮಾನವನ್ನು ನೋಂದಣಿ ಅಧಿಕಾರಿಗೆ ಬಿಟ್ಟಿತು. ಪೌರತ್ವದ ಪರೀಕ್ಷೆಯಲ್ಲಿ ನಾನೂ ಒಂದು ವಾಕ್ಯವನ್ನು ಗಟ್ಟಿಯಾಗಿ ಓದಿದೆ, ಒಂದನ್ನು ಬರೆದೆ. ಎದುರಿಗೆ ಕುಳಿತ ಅಧಿಕಾರಿಗೆ ನಾನು ಪಾಸಾಗಲಿ ಎಂಬ ಆಸೆ ಇದ್ದದ್ದು ಮುಖದಲ್ಲೇ ಕಾಣುತ್ತಿತ್ತು. ಅದೇ ಕುರ್ಚಿಯಲ್ಲಿ ನಾನು ಫೇಲಾಗಲೇಬೇಕೆಂದು ನಿಶ್ಚಯಿಸಿದವನೊಬ್ಬ ಕುಳಿತಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಲೂಸಿಯಾನಾ 1898ರಲ್ಲಿ, 1867ಕ್ಕೆ ಮೊದಲು ಯಾರ ಅಪ್ಪನಿಗೋ ಅಜ್ಜನಿಗೋ ಮತದ ಹಕ್ಕಿತ್ತೋ ಅವರಿಗೆ ಈ ಪರೀಕ್ಷೆ ಬೇಡವೆಂದಿತು. ಗುಲಾಮರ ಮೊಮ್ಮಕ್ಕಳಿಗೆ ಅಂಥ ಅಜ್ಜ ಎಲ್ಲಿಂದ ಬರಬೇಕು? ಆ ರಾಜ್ಯದಲ್ಲಿ 1896ರಲ್ಲಿ ನೋಂದಾಯಿತರಾಗಿದ್ದ ಕಪ್ಪು ಮತದಾರರು 1,30,334. 1904ರ ಹೊತ್ತಿಗೆ ಉಳಿದವರು 1,342. ಅಲಬಾಮಾದ 1901ರ ಸಂವಿಧಾನ ಸಭೆಯ ಅಧ್ಯಕ್ಷ ಜಾನ್ ನಾಕ್ಸ್ ತಮ್ಮ ಉದ್ದೇಶವನ್ನು ಮುಚ್ಚಿಡಲೂ ಇಲ್ಲ: ಒಕ್ಕೂಟದ ಸಂವಿಧಾನದ ಮಿತಿಯೊಳಗೇ ಬಿಳಿಯರ ಮೇಲುಗೈಯನ್ನು ಸ್ಥಾಪಿಸುವುದೇ ತಮ್ಮ ಕೆಲಸ ಎಂದು ಸಭೆಯಲ್ಲಿ ಹೇಳಿದರು. ತಲೆಗಂದಾಯ ಕಟ್ಟಲಾರದ ಬಡ ಬಿಳಿಯರೂ ಇದರಿಂದ ಮತ ಕಳೆದುಕೊಂಡರು ಎಂಬುದನ್ನು ಇಲ್ಲಿಯೇ ಹೇಳಬೇಕು.

ಇವೆಲ್ಲ ಹಳೆಯ ಕಾಗದವಲ್ಲವೇ ಎಂದರೆ, ಎಲ್ಲವೂ ಅಲ್ಲ. ಮಿಸಿಸಿಪ್ಪಿಯ ಅದೇ ಸಂವಿಧಾನ ಯಾವ ಯಾವ ಅಪರಾಧ ಮಾಡಿದವರು ಜೀವನಪೂರ್ತಿ ಮತ ಕಳೆದುಕೊಳ್ಳಬೇಕು ಎಂಬ ಪಟ್ಟಿಯೊಂದನ್ನು ಮಾಡಿತು. ಕಳ್ಳತನ, ಸುಳ್ಳು ಹೇಳಿ ಹಣ ಪಡೆಯುವುದು, ಮದುವೆಯಾಗಿದ್ದೂ ಇನ್ನೊಂದು ಮದುವೆಯಾಗುವುದು ಆ ಪಟ್ಟಿಯಲ್ಲಿದ್ದವು. ಕೊಲೆ ಮತ್ತು ಅತ್ಯಾಚಾರ ಇರಲಿಲ್ಲ, ಅವನ್ನು ಸೇರಿಸಿದ್ದು 1968ರಲ್ಲಿ. ಕಪ್ಪು ಜನರು ಹೆಚ್ಚಾಗಿ ಮಾಡುತ್ತಾರೆಂದು ಬಿಳಿಯರು ಆಗ ನಂಬಿದ್ದ ಅಪರಾಧಗಳನ್ನೇ ಆರಿಸಿದ್ದರು. ಆ ಪಟ್ಟಿಯ ಬಹುಭಾಗ ಈಗಲೂ ಉಳಿದಿದೆ. ಅದರಡಿ ಮತ ಕಳೆದುಕೊಂಡವನು ರಾಜ್ಯಪಾಲರ ಕ್ಷಮಾದಾನ ಪಡೆಯಬೇಕು, ಇಲ್ಲವೇ ಅವನೊಬ್ಬನ ಹೆಸರಿನಲ್ಲೇ ಮಸೂದೆ ಮಂಡನೆಯಾಗಿ ಶಾಸನಸಭೆಯ ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ಮತ ಬೀಳಬೇಕು.

ಒಂದು ರಜೆಯಲ್ಲಿ ಮನೆಯವರೆಲ್ಲ ಅಲಬಾಮಾದ ಸೆಲ್ಮಾ ಊರಿಗೆ ಹೋಗಿದ್ದೆವು, ಅಟ್ಲಾಂಟಾದಿಂದ ಮೂರು ತಾಸಿಗೂ ಹೆಚ್ಚಿನ ದಾರಿ. ಅಲ್ಲಿನ ಉಕ್ಕಿನ ಸೇತುವೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಎಡ್ಮಂಡ್ ಪೆಟಸ್ ಎಂಬ ಹೆಸರಿದೆ. ಗುಲಾಮಗಿರಿಯ ಪರ ಹೋರಾಡಿದ ಸೇನಾನಿ, ಮುಂದೆ ಅಮೆರಿಕದ ಸೆನೆಟರ್ ಆದವರು. ಸೇತುವೆ ನಡುವೆ ಉಬ್ಬಿರುವುದರಿಂದ ಈ ತುದಿಯಲ್ಲಿ ನಿಂತವರಿಗೆ ಆ ತುದಿ ಕಾಣುವುದಿಲ್ಲ. 1965ರ ಮಾರ್ಚ್ 7ರಂದು ಮತದ ಹಕ್ಕಿಗಾಗಿ ಮೆರವಣಿಗೆ ಹೊರಟ ಸುಮಾರು ಆರುನೂರು ಜನರಿಗೂ ದಿಬ್ಬ ಏರಿದ ಮೇಲೆಯೇ ಎದುರಿಗೆ ಸಾಲುಗಟ್ಟಿ ನಿಂತ ಪೊಲೀಸರು ಕಂಡದ್ದು. ಮುಂದೆ ನಡೆಯುತ್ತಿದ್ದ 25 ವರ್ಷದ ಜಾನ್ ಲೂಯಿಸ್ ಅವರ ತಲೆಬುರುಡೆ ಲಾಠಿ ಏಟಿಗೆ ಬಿರುಕುಬಿಟ್ಟಿತು. ಮುಂದೆ ಅವರೇ ನಮ್ಮ ಅಟ್ಲಾಂಟಾದ ಪ್ರತಿನಿಧಿಯಾಗಿ ಮೂವತ್ತಮೂರು ವರ್ಷ ಕಾಂಗ್ರೆಸ್ಸಿನಲ್ಲಿ, ಅಂದರೆ ಅಮೆರಿಕದ ಸಂಸತ್ತಿನಲ್ಲಿ, ಇದ್ದರು, 2020ರಲ್ಲಿ ತೀರಿಕೊಂಡರು. ಚಿಕ್ಕಪ್ಪನ ನೂರೈವತ್ತು ವರ್ಷದ ಲೆಕ್ಕಕ್ಕೆ ಈ ಒಬ್ಬರ ಆಯುಸ್ಸೇ ಉತ್ತರ. ಆ ಬೇಸಿಗೆಯಲ್ಲಿ, ಆಗಸ್ಟ್ 6ರಂದು, ಮತದಾನ ಹಕ್ಕುಗಳ ಕಾಯ್ದೆಗೆ ಸಹಿ ಬಿತ್ತು. ಅದಕ್ಕೆ ಮೊದಲು ಮಿಸಿಸಿಪ್ಪಿಯ ಅರ್ಹ ಕಪ್ಪು ಜನರಲ್ಲಿ ಶೇ 6.7ರಷ್ಟು ಮಂದಿ ಮಾತ್ರ ಮತದಾರರ ಪಟ್ಟಿಯಲ್ಲಿದ್ದರು. 1967ರಲ್ಲಿ ಅದು ಶೇ 59.8ಕ್ಕೆ ಏರಿತು.

“ಹಾಗಾದರೆ ಲಿಂಕನ್ ಪಕ್ಷವಾದ ರಿಪಬ್ಲಿಕನ್ನರಿಗೆ ಕಪ್ಪು ಜನ ಯಾಕೆ ಓಟು ಹಾಕುವುದಿಲ್ಲ?” ಎಂಬುದು ಚಿಕ್ಕಪ್ಪನ ಉಪಪ್ರಶ್ನೆ. ಈ ನಿಯಮಗಳನ್ನೆಲ್ಲ ಮಾಡಿದ ದಕ್ಷಿಣದ ಬಿಳಿಯರು ಡೆಮಾಕ್ರಟಿಕ್ ಪಕ್ಷದವರೇ ಆಗಿದ್ದರು, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ 1964ರಲ್ಲಿ ಡೆಮಾಕ್ರಟಿಕ್ ಅಧ್ಯಕ್ಷ ಲಿಂಡನ್ ಜಾನ್ಸನ್ ಬಣ್ಣದ ಕಾರಣಕ್ಕೆ ಭೇದ ಮಾಡಬಾರದೆಂಬ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು, ಅದರ ವಿರುದ್ಧ ಮತ ಹಾಕಿದ್ದ ಬ್ಯಾರಿ ಗೋಲ್ಡ್‌ವಾಟರ್ ರಿಪಬ್ಲಿಕನ್ ಅಭ್ಯರ್ಥಿಯಾದರು. ಆ ವರ್ಷ ಅವರು ದೇಶದಾದ್ಯಂತ ಸೋತು, ಸ್ವಂತ ರಾಜ್ಯ ಅರಿಜೋನಾ ಬಿಟ್ಟರೆ ಗೆದ್ದದ್ದು ದಕ್ಷಿಣದ ಐದು ರಾಜ್ಯಗಳನ್ನು ಮಾತ್ರ: ಮಿಸಿಸಿಪ್ಪಿ, ಅಲಬಾಮಾ, ಜಾರ್ಜಿಯಾ, ಲೂಸಿಯಾನಾ, ದಕ್ಷಿಣ ಕ್ಯಾರೊಲಿನಾ. ಮುಂದಿನ ಮೂವತ್ತು ವರ್ಷಗಳಲ್ಲಿ ದಕ್ಷಿಣದ ಬಿಳಿಯರು ನಿಧಾನವಾಗಿ ಪಕ್ಷ ಬದಲಿಸಿದರು. ಪಕ್ಷದ ಹೆಸರು ಬದಲಾಯಿತು, ಯಾರ ಓಟು ಎಷ್ಟು ತೂಗಬೇಕೆಂಬ ಜಗಳ ಹಾಗೆಯೇ ಮುಂದುವರಿಯಿತು.

ಅದು ಮತ್ತೆ ಭುಗಿಲೆದ್ದದ್ದು 2013ರ ಜೂನ್ 25ರಂದು. 1965ರ ಕಾಯ್ದೆಯ ಪ್ರಕಾರ, ಕೆಟ್ಟ ಚರಿತ್ರೆಯುಳ್ಳ ರಾಜ್ಯಗಳು ಚುನಾವಣಾ ನಿಯಮ ಬದಲಿಸುವ ಮೊದಲು ಒಕ್ಕೂಟದ ಒಪ್ಪಿಗೆ ಪಡೆಯಬೇಕಿತ್ತು. ಯಾವ ರಾಜ್ಯಗಳು ಎಂದು ಗೊತ್ತುಮಾಡುವ ಸೂತ್ರ ದಶಕಗಳಷ್ಟು ಹಳೆಯದೆಂದು ಸುಪ್ರೀಂ ಕೋರ್ಟ್ ಐದು ನಾಲ್ಕರ ಬಹುಮತದಿಂದ ಅದನ್ನು ರದ್ದುಮಾಡಿತು. ತಾನು ನೆನೆಯುತ್ತಿಲ್ಲವೆಂದು ಸುರಿಯುವ ಮಳೆಯಲ್ಲಿ ಕೊಡೆ ಎಸೆದಂತಾಯಿತು ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ರೂತ್ ಗಿನ್ಸ್‌ಬರ್ಗ್ ತಮ್ಮ ಭಿನ್ನಮತದಲ್ಲಿ ಬರೆದರು. ಅದೇ ದಿನ ಟೆಕ್ಸಸ್ ತನ್ನ ಗುರುತಿನ ಚೀಟಿ ಕಾನೂನನ್ನು ಜಾರಿಗೆ ತರುವುದಾಗಿ ಘೋಷಿಸಿತು. ಗುರುತಿನ ಚೀಟಿ ಕೇಳುವುದು ತಪ್ಪೇ, ನಮ್ಮಲ್ಲೂ ಕೇಳುತ್ತಾರಲ್ಲ ಎಂದು ಊರಿನವರು ಹೇಳುವುದು ನ್ಯಾಯವಾಗಿಯೇ ಇದೆ, ಚುನಾವಣೆಯ ಮೇಲೆ ಜನರ ನಂಬಿಕೆ ಉಳಿಯಬೇಕೆಂಬ ಆ ಕಾನೂನಿನ ಬೆಂಬಲಿಗರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಆದರೆ ಭಾರತದಲ್ಲಿ ಮತದಾರರ ಚೀಟಿಯನ್ನು ಆಯೋಗವೇ ಕೊಡುತ್ತದೆ, ಪಟ್ಟಿ ತಯಾರಿಸುವವರು ಮನೆಬಾಗಿಲಿಗೆ ಬರುತ್ತಾರೆ. ಇಲ್ಲಿ ಎಲ್ಲರಿಗೂ ಕೊಡುವ ರಾಷ್ಟ್ರೀಯ ಗುರುತಿನ ಚೀಟಿಯೇ ಇಲ್ಲ. ಟೆಕ್ಸಸ್‌ನ ಆ ಕಾನೂನಿಗೆ ಪಿಸ್ತೂಲಿನ ಪರವಾನಗಿ ನಡೆಯುತ್ತಿತ್ತು, ಕಾಲೇಜಿನ ಗುರುತಿನ ಚೀಟಿ ನಡೆಯುತ್ತಿರಲಿಲ್ಲ. ಉತ್ತರ ಕ್ಯಾರೊಲಿನಾದ ಶಾಸಕರು ಯಾವ ಜನಾಂಗದವರು ಯಾವ ರೀತಿಯಲ್ಲಿ ಮತ ಹಾಕುತ್ತಾರೆಂಬ ಅಂಕಿಅಂಶ ತರಿಸಿಕೊಂಡು, ಕಪ್ಪು ಜನರು ಹೆಚ್ಚು ಬಳಸುತ್ತಿದ್ದ ಅನುಕೂಲಗಳಿಗೇ ಕತ್ತರಿ ಹಾಕಿದ್ದರು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಕಾನೂನನ್ನು ರದ್ದುಮಾಡಿತು. ಒಂದೇ ನಿಯಮ ಎರಡು ದೇಶಗಳಲ್ಲಿ ಒಂದೇ ಕೆಲಸ ಮಾಡುತ್ತದೆಂದು ನಾವು ಭಾವಿಸಬಾರದು.

ಸೆಲ್ಮಾದಿಂದ ಮರಳುವಾಗ ದಾರಿಯ ಬದಿಯ ಹೊಲಗಳನ್ನು ನೋಡಿ ನನ್ನ ಯಜಮಾನರು, ಇದು ನಮ್ಮ ಎರೆ ಭೂಮಿಯ ಹಾಗೇ ಇದೆಯಲ್ಲ ಎಂದರು, ಅವರು ಗದಗ ಕಡೆಯವರು. ನಿಜಕ್ಕೂ ಅದು ಮಳೆಗೆ ಅಂಟುವ, ಬೇಸಿಗೆಗೆ ಬಿರುಕು ಬಿಡುವ ಕಪ್ಪು ಮಣ್ಣು, ಅದರಿಂದಲೇ ಆ ಸೀಮೆಗೆ ಕಪ್ಪು ಪಟ್ಟಿ ಎಂಬರ್ಥದ ಬ್ಲ್ಯಾಕ್ ಬೆಲ್ಟ್ ಎಂಬ ಹೆಸರು. ಅಲ್ಲಿ ಹತ್ತಿ ಬೆಳೆಯಲು ಗುಲಾಮರನ್ನು ತಂದರು. ಅಂತರ್ಯುದ್ಧದಲ್ಲಿ ಆ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ, ಅಮೆರಿಕದ ಬೀಜದಿಂದಲೇ ಬೆಳೆದ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಏರಿತು. ಆ ಗುಲಾಮರ ಮರಿಮೊಮ್ಮಕ್ಕಳು ಈಗಲೂ ಹೆಚ್ಚಾಗಿರುವುದು ಆ ಪಟ್ಟಿಯಲ್ಲೇ, ಅಧ್ಯಕ್ಷೀಯ ಚುನಾವಣೆಯ ನಕ್ಷೆಯಲ್ಲಿ ರಿಪಬ್ಲಿಕನ್ನರ ಕೆಂಪು ಬಣ್ಣದ ದಕ್ಷಿಣದ ನಡುವೆ ಡೆಮಾಕ್ರಟರ ನೀಲಿಯಾಗಿ ಕಾಣುವುದೂ ಅದೇ ಪಟ್ಟಿ. ಇಲ್ಲಿ ಕ್ಷೇತ್ರ ಮರುವಿಂಗಡಣೆಯನ್ನು ಹೆಚ್ಚಿನ ಕಡೆ ರಾಜ್ಯದ ಶಾಸಕರೇ ಮಾಡುತ್ತಾರೆ. ಜನಸಂಖ್ಯೆಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಕಪ್ಪು ಜನರಿರುವ ಅಲಬಾಮಾದಲ್ಲಿ 2021ರ ನಕ್ಷೆ ಆ ಪಟ್ಟಿಯನ್ನು ಹೋಳು ಮಾಡಿ, ಏಳು ಕ್ಷೇತ್ರಗಳಲ್ಲಿ ಒಂದರಲ್ಲಿ ಮಾತ್ರ ಅವರಿಗೆ ಬಹುಮತ ಉಳಿಸಿತ್ತು. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ, ಹೊಸ ನಕ್ಷೆಯಲ್ಲಿ 2024ರಲ್ಲಿ ಕಪ್ಪು ಜನಾಂಗದ ಎರಡನೆಯ ಪ್ರತಿನಿಧಿ ಗೆದ್ದರು.

ಇದರಲ್ಲಿ ನಮಗೇನು ಎಂದು ಕೂಟದ ಕೆಲವರು ಕೇಳುತ್ತಾರೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಭಾರತೀಯರ ಮೊಕದ್ದಮೆಯಲ್ಲಿ, ನಾವು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. 1946ರಲ್ಲಿ ಪೌರತ್ವ ಸಿಕ್ಕರೂ ಭಾರತದಿಂದ ವರ್ಷಕ್ಕೆ ನೂರು ಜನರಿಗೆ ಮಾತ್ರ ವಲಸೆಯ ಅವಕಾಶವಿತ್ತು. ನಮ್ಮಂಥವರಿಗೆ ದೊಡ್ಡ ಬಾಗಿಲು ತೆರೆದ ವಲಸೆ ಕಾಯ್ದೆ ಬಂದದ್ದು 1965ರ ಅಕ್ಟೋಬರಿನಲ್ಲಿ, ಸೆಲ್ಮಾದ ಮೆರವಣಿಗೆಯಾದ ಏಳು ತಿಂಗಳಿಗೆ, ಅದೇ ಹೋರಾಟದ ಅಲೆಯಲ್ಲಿ. 2025ರ ಜನವರಿಯಲ್ಲಿ, ತಾತ್ಕಾಲಿಕ ವೀಸಾದ ಮೇಲಿರುವ ತಂದೆತಾಯಿಗೆ ಇಲ್ಲಿ ಹುಟ್ಟುವ ಮಕ್ಕಳನ್ನು ಪೌರರೆಂದು ಪರಿಗಣಿಸಬಾರದೆಂಬ ಅಧ್ಯಕ್ಷರ ಆದೇಶ ಹೊರಬಿತ್ತು, ಕೋರ್ಟುಗಳು ಅದಕ್ಕೆ ತಡೆ ಕೊಟ್ಟವು. ಆ ವಾರ ನಮ್ಮ ಕೂಟದ ತುಂಬು ಬಸುರಿಯೊಬ್ಬಳು ಫೋನ್ ಮಾಡಿ, “ಅಕ್ಕಾ, ಹದಿನಾಲ್ಕನೆಯ ತಿದ್ದುಪಡಿ ಅಂದರೆ ಏನು?” ಎಂದು ಕೇಳಿದಳು. ಗುಲಾಮರಾಗಿದ್ದವರನ್ನೂ ಅವರ ಮಕ್ಕಳನ್ನೂ ಪೌರರೆಂದು ಒಪ್ಪಲು 1868ರಲ್ಲಿ ಬರೆದ ವಾಕ್ಯವನ್ನು ನಾನು ಅವಳಿಗೆ ಓದಿ ಹೇಳಿದೆ. ಅವಳು ಇನ್ನೊಂದು ಸಲ ಓದಿ ಎಂದಳು.